ಓದಿದ್ದನ್ನೆಲ್ಲ ಕಂಪ್ಯೂಟರ್ ನಂಬುತ್ತದೆಯೇ?

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಕಂಪ್ಯೂಟರ್ ಇಂಟರ್ನೆಟ್ ಓದಿ ಕಲಿಯುತ್ತೆ ಅಂತಾಳೆ ಮೊಮ್ಮಗಳು. ಅಲ್ಲಿ ಸುಳ್ಳೂ ಇರುತ್ತಲ್ಲ, ಅದಕ್ಕೆ ಹೇಗೆ ಗೊತ್ತಾಗಬೇಕು? ನಮ್ಮ ಸುತ್ತಲ ಕೆರೆಗಳ ಬಗ್ಗೆ ನಾನು ಬರೆದಿಟ್ಟದ್ದನ್ನು ಹಾಕಿದರೆ ಅದನ್ನೂ ಕಲಿಯುತ್ತಾ?”

ಮೇಷ್ಟ್ರೇ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಒಂದು ಪ್ರಯೋಗದ ಬಗ್ಗೆ ಹೇಳುತ್ತೇನೆ. ಅಲ್ಲಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ಮತ್ತು ಅವರ ತಂಡದವರು 2010ರ ಜನವರಿಯಲ್ಲಿ ‘ನೆಲ್’ ಎಂಬ ಪ್ರೋಗ್ರಾಂ ಶುರು ಮಾಡಿದರು. ಹಗಲು ರಾತ್ರಿ ಓದುವುದೇ ಅದರ ಕೆಲಸ. ಓದಲು ಸುಮಾರು 50 ಕೋಟಿ ಇಂಗ್ಲಿಷ್ ವೆಬ್ ಪುಟಗಳಿದ್ದವು. ನಗರ, ನದಿ, ಆಟಗಾರ ಹೀಗೆ ವಿಭಾಗ ಮಾಡಿ, ಒಂದೊಂದಕ್ಕೂ ಹತ್ತು ಹದಿನೈದು ಉದಾಹರಣೆ ಕೊಟ್ಟು ಬಿಟ್ಟಿದ್ದರು.

ಅದರ ದಾರಿ ಸರಳ. ಕಾವೇರಿ, ತುಂಗಭದ್ರಾ ನದಿಗಳು ಅಂತ ಮೊದಲೇ ಹೇಳಿಕೊಟ್ಟಿದ್ದೇವೆ ಅನ್ನಿ. ಅದು ಓದುತ್ತಾ “ಕಾವೇರಿ, ತುಂಗಭದ್ರಾ ಮುಂತಾದ ನದಿಗಳು” ಎಂಬ ಸಾಲು ನೋಡುತ್ತದೆ. ‘ಮುಂತಾದ ನದಿಗಳು’ ಅಂತ ಬಂದರೆ ಅದರ ಹಿಂದಿರುವುದು ನದಿಗಳ ಹೆಸರು ಅಂತ ಊಹಿಸುತ್ತದೆ. ಮುಂದೆ “ಶರಾವತಿ, ಕಾಳಿ ಮುಂತಾದ ನದಿಗಳು” ಸಿಕ್ಕರೆ ಎರಡು ಹೊಸ ಹೆಸರು ಸೇರಿದವು.

ಎಡವುವುದೂ ಇಲ್ಲೇ. ಬೇಕರಿ ತಿಂಡಿಗಳ ಪಟ್ಟಿಗೆ ಅದು ‘ಇಂಟರ್ನೆಟ್ ಕುಕೀಸ್’ ಸೇರಿಸಿಬಿಟ್ಟಿತು. ಕುಕೀಸ್ ಅಂದರೆ ಬಿಸ್ಕತ್ತು. ಆದರೆ ಬ್ರೌಸರ್ (ವೆಬ್ ಪುಟ ತೆರೆದು ತೋರಿಸುವ ಪ್ರೋಗ್ರಾಂ) ಉಳಿಸಿಡುವ ಮಾಹಿತಿಗೂ ಇಂಗ್ಲಿಷಿನಲ್ಲಿ ಕುಕೀಸ್ ಅಂತಲೇ ಹೆಸರು. “ಕುಕೀಸ್ ಡಿಲೀಟ್ ಮಾಡಿದೆ” ಅಂತ ಜನ ಬರೆಯುತ್ತಾರೆ, “ಫೈಲ್ ಡಿಲೀಟ್ ಮಾಡಿದೆ” ಅಂತಲೂ ಬರೆಯುತ್ತಾರೆ. ಹಾಗಾಗಿ ಕಂಪ್ಯೂಟರ್ ಫೈಲ್‌ಗಳೂ ತಿಂಡಿಯಾದವು! ಒಂದು ತಪ್ಪು ಒಳಗೆ ಬಂತೆಂದರೆ ಹತ್ತನ್ನು ಎಳೆದು ತರುತ್ತದೆ.

ಇದಕ್ಕೆ ಅವರು ವಿಭಾಗಗಳನ್ನು ಒಂದಕ್ಕೊಂದು ಕಟ್ಟಿಹಾಕಿದರು. ನಗರವಾದದ್ದು ಮನುಷ್ಯನಾಗಲಾರದು. ಒಂದು ತಂಡಕ್ಕೆ ಆಡುವವನು ಆಟಗಾರನೇ ಆಗಿರಬೇಕು. ಲೆಕ್ಕ ತಾಳೆಯಾಗದಿದ್ದರೆ ಅನುಮಾನ ಪಡು, ಅಷ್ಟೇ. ಆದರೂ 67 ದಿನ ಓದಿ ಕೂಡಿಹಾಕಿದ 2,42,000ಕ್ಕೂ ಹೆಚ್ಚು ಸಂಗತಿಗಳಲ್ಲಿ ನೂರಕ್ಕೆ ಸುಮಾರು 74 ಮಾತ್ರ ಸರಿ ಎಂದು ಅವರೇ ಅಂದಾಜು ಮಾಡಿದರು. ಆಮೇಲೆ ಮನುಷ್ಯರು ಆಗಾಗ ಕೂತು ತಪ್ಪು ತೆಗೆಯಬೇಕಾಯಿತು.

ಅಂದರೆ ಸುಳ್ಳು ಯಾವುದು ಅಂತ ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಬೇರೆ ಬೇರೆ ಕಡೆ ಕಂಡದ್ದನ್ನು ಜಾಸ್ತಿ ನಂಬುತ್ತದೆ. ಒಂದೇ ತಪ್ಪನ್ನು ನೂರು ಜನ ಕಾಪಿ ಮಾಡಿದರೆ ನೂರು ಸಾಕ್ಷಿ ಸಿಕ್ಕಂತೆ ಕಾಣುತ್ತದೆ, ಅಲ್ವಾ? ನೆಲ್‌ನಲ್ಲಿ ನನಗೆ ಬಹಳ ಇಷ್ಟವಾದದ್ದು, ಪ್ರತಿ ಸಂಗತಿಗೂ ಎಷ್ಟು ನಂಬಿಕೆ, ಯಾವ ಆಧಾರ ಅಂತ ಅದು ಬರೆದಿಟ್ಟುಕೊಳ್ಳುತ್ತಿತ್ತು. ಈಗಿನ ಚಾಟ್‌ಬಾಟ್‌ಗಳ ಬುನಾದಿಯೇ ಬೇರೆ. ಮುಂದಿನ ಪದ ಯಾವುದೆಂದು ಊಹಿಸುತ್ತಾ ಕಲಿತವು ಅವು. ಒಳಗೆ ಅಂಥ ಪಟ್ಟಿ ಇಲ್ಲ.

ಇನ್ನು ನಿಮ್ಮ ಕೆರೆಗಳು. ಖಂಡಿತ ಹಾಕಿ. ಬರೆಯದಿದ್ದರೆ ಯಾವ ಯಂತ್ರವೂ ಓದಲಾರದು. “ಆ ಕೆರೆ” ಎನ್ನದೆ ಪ್ರತಿ ಸಲವೂ ಕೆರೆಯ ಹೆಸರು, ಊರು ಬರೆಯಿರಿ. ಶಾಸನದಲ್ಲಿ ಕಂಡದ್ದು ಯಾವುದು, ಹಿರಿಯರು ಹೇಳಿದ್ದು ಯಾವುದು ಅಂತ ಬೇರೆ ಮಾಡಿ. ವಿಕಿಪೀಡಿಯಕ್ಕೆ ಪ್ರಕಟವಾದ, ನಂಬಬಹುದಾದ ಆಧಾರ ಬೇಕಾಗುತ್ತದೆ. ಅದಕ್ಕೇ ಮೊದಲು ನಮಗೆ ಕಳಿಸಿಕೊಡಿ.

– ಸಂಪಾದಕ