ಓದುಗರ ಪ್ರಶ್ನೆಗೆ ಉತ್ತರ: ಜಮೈಕಾದ ಬಸುರಿಯರ ಕ್ಲಿನಿಕ್ಕಿನಲ್ಲಿ

(ಜಮೈಕಾದ ಸರ್ಕಾರಿ ಆಸ್ಪತ್ರೆಯೊಂದರ ಹೆರಿಗೆ ವಿಭಾಗದಲ್ಲಿ ಮಿಡ್‌ವೈಫ್ ಆಗಿ ದುಡಿದು ಬಂದಿರುವ ನಮ್ಮ ಅಂಕಣಗಾರ್ತಿ ಈ ಸಂಚಿಕೆಯಲ್ಲಿ ಮೂವರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನಾನು ನರ್ಸಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಜಮೈಕಾದಲ್ಲಿ ಗರ್ಭಿಣಿಯರ ತಪಾಸಣೆಗೆ ಶುಲ್ಕವಿಲ್ಲವೆಂದೂ, ಹೆಚ್ಚುಕಡಿಮೆ ಎಲ್ಲರೂ ಒಮ್ಮೆಯಾದರೂ ತಪಾಸಣೆಗೆ ಬರುತ್ತಾರೆಂದೂ ಓದಿದ್ದೇನೆ. ಹೀಗಿದ್ದರೂ ಅಲ್ಲಿನ ಆರೈಕೆಯಲ್ಲಿ ದೊಡ್ಡ ಕೊರತೆಯಿದೆ ಎಂದು ತಾವು ಕಳೆದ ಸಂಚಿಕೆಯಲ್ಲಿ ಬರೆದದ್ದು ಏಕೆ?

ಉತ್ತರ: ತಾವು ಓದಿರುವುದು ಸರಿ. 2008ರ ಏಪ್ರಿಲ್ 1ರಿಂದ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಆರೋಗ್ಯ ಕೇಂದ್ರಗಳಲ್ಲಿಯೂ ಬಳಕೆ ಶುಲ್ಕವನ್ನು ತೆಗೆದುಹಾಕಲಾಗಿದೆ. ತಾಯಿಯಿಂದ ಮಗುವಿಗೆ ಎಚ್‌ಐವಿ ಮತ್ತು ಸಿಫಿಲಿಸ್ ಹರಡುವುದನ್ನು ತಡೆದುದಕ್ಕಾಗಿ 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬೆಲೀಜ್ ಹಾಗೂ ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್ ದೇಶಗಳೊಂದಿಗೆ ಜಮೈಕಾಕ್ಕೂ ಮನ್ನಣೆ ನೀಡಿತು. ಕೆರಿಬಿಯನ್ನಿನ ಕ್ಯೂಬಾ ಈ ಮನ್ನಣೆಯನ್ನು 2015ರಲ್ಲಿ ಪಡೆದಿತ್ತು. ಜಗತ್ತಿನಲ್ಲಿ ಅದೇ ಮೊದಲು. ಈ ಮನ್ನಣೆ ಸಿಗಬೇಕಾದರೆ ಶೇಕಡ 95ರಷ್ಟು ಗರ್ಭಿಣಿಯರಾದರೂ ಕನಿಷ್ಠ ಒಮ್ಮೆ ತಪಾಸಣೆಗೆ ಬಂದಿರಬೇಕು. ಅಷ್ಟರ ಮಟ್ಟಿಗೆ ಅದು ಹೆಮ್ಮೆಪಡಬೇಕಾದ ಸಾಧನೆಯೇ, ಅದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಇರುವುದು ಆ ಮೊದಲ ಭೇಟಿ ಯಾವ ತಿಂಗಳಲ್ಲಿ ಆಗುತ್ತದೆ ಎಂಬುದರ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯಂತೆ ಗರ್ಭಿಣಿಗೆ ಕನಿಷ್ಠ 8 ತಪಾಸಣೆಗಳಾಗಬೇಕು ಮತ್ತು ಅವುಗಳಲ್ಲಿ ಮೊದಲನೆಯದು 12 ವಾರ ತುಂಬುವುದರೊಳಗೆ ಆಗಬೇಕು. ನಾನಿದ್ದ ಆಸ್ಪತ್ರೆಯ ಬೆಂಚಿನ ಮೇಲೆ ಮೊದಲ ಸಲ ಬಂದು ಕುಳಿತವರಲ್ಲಿ ಎಷ್ಟೋ ಮಂದಿಗೆ ಆಗಲೇ ಐದು ಅಥವಾ ಆರು ತಿಂಗಳು ತುಂಬಿರುತ್ತಿತ್ತು. ಸಿಫಿಲಿಸ್ ಇರುವ ತಾಯಿಗೆ ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ಪೆನ್ಸಿಲಿನ್ ಚುಚ್ಚುಮದ್ದು ಕೊಟ್ಟಿದ್ದರೆ ಮಾತ್ರ ಮಗುವಿಗೆ ಸಾಕಷ್ಟು ರಕ್ಷಣೆ ಸಿಕ್ಕಿದೆಯೆಂದು ಲೆಕ್ಕ. ನಂಜಿನ, ಅಂದರೆ ಬಸಿರಿನಲ್ಲಿ ರಕ್ತದೊತ್ತಡ ಏರುವ ಪ್ರೀ-ಎಕ್ಲಾಂಪ್ಸಿಯಾ ತೊಂದರೆಯ, ಅಪಾಯವಿರುವವರಿಗೆ ಕೊಡುವ ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರೆಯನ್ನು 20 ವಾರದೊಳಗೇ ಶುರುಮಾಡಬೇಕು. ಏಳನೆಯ ತಿಂಗಳಲ್ಲಿ ಬಂದವಳ ಹೆಸರೂ ಬಂದವರ ಪಟ್ಟಿಗೆ ಸೇರುತ್ತದೆ, ಆದರೆ ಈ ಮಾತ್ರೆಯಿಂದ ಅವಳಿಗೆ ಆಗಬಹುದಾಗಿದ್ದ ಉಪಕಾರದ ಕಾಲ ಕಳೆದುಹೋಗಿರುತ್ತದೆ.

ಇದಕ್ಕಿಂತಲೂ ಹೆಚ್ಚು ಕಾಡುವುದು ದಿನಗಳ ಲೆಕ್ಕ. ಒಬ್ಬಾಕೆಯ ಉದಾಹರಣೆ ಕೊಡುತ್ತೇನೆ. ಮಾರುಕಟ್ಟೆಯಲ್ಲಿ ತರಕಾರಿ ಮಾರುವ ಹೆಂಗಸು. ಅಲ್ಲಿ ಇವರನ್ನು ಹಿಗ್ಲರ್ ಎನ್ನುತ್ತಾರೆ. ಕೊನೆಯ ಮುಟ್ಟು ಎಂದಾಯಿತೆಂದು ಕೇಳಿದರೆ ‘ಕ್ರಿಸ್‌ಮಸ್ ಕಳೆದ ಮೇಲೆ ಇರಬೇಕು, ನರ್ಸ್’ ಎಂದಳು. ಆಕೆಯ ಮೊದಲ ಸ್ಕ್ಯಾನಿಂಗ್ ಆದದ್ದು ಏಳು ತಿಂಗಳು ದಾಟಿದ ಮೇಲೆ. ಮೊದಲ ಮೂರು ತಿಂಗಳೊಳಗೆ ಸ್ಕ್ಯಾನ್ ಮಾಡಿದರೆ ಹೆರಿಗೆಯ ದಿನವನ್ನು ಕೆಲವು ದಿನಗಳ ಅಂತರದಲ್ಲಿ ಹೇಳಬಹುದು, ಆದರೆ ಕೊನೆಯ ಮೂರು ತಿಂಗಳಲ್ಲಿ ಮಾಡಿದರೆ ಆ ಲೆಕ್ಕ ಮೂರು ವಾರದಷ್ಟು ಹಿಂದುಮುಂದಾಗಬಹುದು. ಮುಂದೆ ಆಕೆಯ ರಕ್ತದೊತ್ತಡ ಏರಿದಾಗ ಹೊಟ್ಟೆಯಲ್ಲಿರುವ ಕೂಸು 34 ವಾರದ್ದೋ 37 ವಾರದ್ದೋ ಎಂದು ಖಚಿತವಾಗಿ ಹೇಳುವವರು ಯಾರೂ ಇರಲಿಲ್ಲ. 37 ಆಗಿದ್ದರೆ ಹೆರಿಗೆ ಮಾಡಿಸುವುದೇ ಲೇಸು. 34 ಆಗಿದ್ದರೆ ಕೂಸಿನ ಶ್ವಾಸಕೋಶ ಬಲಿಯಲು ಚುಚ್ಚುಮದ್ದು ಕೊಟ್ಟು ಸಾಧ್ಯವಾದಷ್ಟು ದಿನ ಕಾಯಬೇಕು. ಟೇಪು ಹಿಡಿದು ಹೊಟ್ಟೆಯ ಎತ್ತರವನ್ನು ಅಳೆದರೂ, ಕೂಸೇ ಸಣ್ಣದೋ ಅಥವಾ ದಿನಗಳೇ ಕಡಿಮೆಯೋ ಎಂಬುದು ಟೇಪಿನಿಂದ ತಿಳಿಯುವುದಿಲ್ಲ. ಮೂರನೆಯ ತಿಂಗಳಲ್ಲಿ ಒಮ್ಮೆ ಬಂದುಹೋಗಿದ್ದರೆ ಈ ತೊಡಕು ಹುಟ್ಟುತ್ತಲೇ ಇರಲಿಲ್ಲ.

ಏಕೆ ತಡಮಾಡುತ್ತಾರೆ ಎಂದು ಕೇಳಿದರೆ, ತಿಳಿವಳಿಕೆಯ ಕೊರತೆ ಎಂಬ ಸಿದ್ಧ ಉತ್ತರವನ್ನು ನಾನು ಒಪ್ಪುವುದಿಲ್ಲ. ಶುಲ್ಕವಿಲ್ಲದಿದ್ದರೂ ಬೆಳಕು ಹರಿಯುವ ಮುನ್ನ ಟ್ಯಾಕ್ಸಿ ಹಿಡಿದು ಬಂದು, ಡಾಕೆಟ್, ಅಂದರೆ ರೋಗಿಯ ಕಡತ, ಹೊರಬರುವುದನ್ನೇ ಕಾಯುತ್ತ ಮಧ್ಯಾಹ್ನದವರೆಗೆ ಕುಳಿತರೆ ಅಂದಿನ ವ್ಯಾಪಾರ ಹೋಯಿತೆಂದೇ ಅರ್ಥ. ಕೆಲವರು ಮೊದಲು ಖಾಸಗಿ ವೈದ್ಯರಲ್ಲಿ ಹಣ ಕೊಟ್ಟು ಬಸಿರು ನಿಂತಿದೆಯೆಂದು ಖಚಿತಪಡಿಸಿಕೊಂಡು, ಅದನ್ನೇ ತಪಾಸಣೆ ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಇನ್ನು ಶಾಲೆಗೆ ಹೋಗುವ ಹುಡುಗಿಯರು ಹೊಟ್ಟೆ ಕಾಣುವವರೆಗೂ ಮುಚ್ಚಿಡುತ್ತಾರೆ. ಅಲ್ಲಿ ಲೈಂಗಿಕ ಸಮ್ಮತಿಯ ವಯಸ್ಸು 16. ಅದಕ್ಕಿಂತ ಕಿರಿಯ ಹುಡುಗಿ ಬಸುರಿಯಾಗಿ ಬಂದರೆ 2004ರ ಮಕ್ಕಳ ರಕ್ಷಣಾ ಕಾಯ್ದೆಯಂತೆ ನಾವು ವರದಿ ಮಾಡಲೇಬೇಕಾಗುತ್ತದೆ. ಆ ಕಾನೂನು ಬೇಕಾದದ್ದೇ, ಆದರೆ ವರದಿಯ ಭಯಕ್ಕೆ ಹುಡುಗಿ ಕ್ಲಿನಿಕ್ಕಿನಿಂದ ದೂರ ಉಳಿಯುವುದೂ ಅಷ್ಟೇ ನಿಜ. ಇಂಥವರು ಓದು ಮುಂದುವರಿಸಲೆಂದು 1978ರಲ್ಲಿ ಆರಂಭವಾದ ವಿಮೆನ್ಸ್ ಸೆಂಟರ್ ಆಫ್ ಜಮೈಕಾ ಫೌಂಡೇಶನ್ ಇದೆ; ಅಲ್ಲಿಗೆ ಸೇರುವ ದಾರಿಯನ್ನು ಮೊದಲ ಭೇಟಿಯಲ್ಲೇ ಹೇಳಿಬಿಟ್ಟರೆ ಹುಡುಗಿಯ ಮುಖದಲ್ಲಿ ಸ್ವಲ್ಪವಾದರೂ ಧೈರ್ಯ ಕಾಣುತ್ತದೆ.

ಕೊನೆಯ ಕಾರಣ ನಮ್ಮ ಬಾಯಿ. ತಡವಾಗಿ ಬಂದವಳನ್ನು ಬೆಂಚಿನ ಮೇಲಿನ ಎಲ್ಲರಿಗೂ ಕೇಳುವಂತೆ ಗದರಿಸುವ ಸಿಬ್ಬಂದಿ ಅಲ್ಲಿ ಇದ್ದರು. ಹಾಗೆ ಬೈಸಿಕೊಂಡವಳು ಮುಂದಿನ ಬಸಿರಿನಲ್ಲಿ ಬೇಗ ಬರುತ್ತಾಳೆಂದು ನಿರೀಕ್ಷಿಸುವುದು ಮೂರ್ಖತನ. ಕೆರಿಬಿಯನ್ನಿನಿಂದ ಅನುಭವಿ ನರ್ಸ್‌ಗಳು ಬ್ರಿಟನ್, ಅಮೆರಿಕ, ಕೆನಡಾಗಳಿಗೆ ವಲಸೆ ಹೋಗುತ್ತಲೇ ಇರುವುದರಿಂದ ಉಳಿದವರ ಮೇಲೆ ಬೀಳುವ ಹೊರೆ ನನಗೆ ಗೊತ್ತಿಲ್ಲದ್ದಲ್ಲ, ಆದರೆ ಅದನ್ನು ಗರ್ಭಿಣಿಯ ಮೇಲೆ ತೀರಿಸಿಕೊಳ್ಳುವುದನ್ನು ಒಪ್ಪಲು ನನ್ನಿಂದಾಗದು.

ಪ್ರಶ್ನೆ: ಕೆರಿಬಿಯನ್ ಗರ್ಭಿಣಿಯರಲ್ಲಿ ರಕ್ತದೊತ್ತಡದ ತೊಂದರೆ ಹೆಚ್ಚೆಂದು ಕೇಳಿದ್ದೇನೆ. ಕ್ಲಿನಿಕ್ಕಿನಲ್ಲಿ ಅದನ್ನು ಹೇಗೆ ಪತ್ತೆ ಮಾಡುತ್ತಿದ್ದಿರಿ?

ಉತ್ತರ: ಬಿಪಿ ಉಪಕರಣ, ಮೂತ್ರ ಪರೀಕ್ಷೆಯ ಪಟ್ಟಿ, ಕಣ್ಣು ಮತ್ತು ಕಿವಿ, ಇಷ್ಟರಿಂದಲೇ. ಆದರೆ ಬಿಪಿ ನೋಡುವುದು ಸುಲಭವೆಂದುಕೊಂಡವರೇ ಅದನ್ನು ಹೆಚ್ಚು ಕೆಡಿಸುತ್ತಾರೆ. ದಪ್ಪ ತೋಳಿಗೆ ಸಾಮಾನ್ಯ ಅಳತೆಯ ಪಟ್ಟಿ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ನಮ್ಮಲ್ಲಿದ್ದ ದೊಡ್ಡ ಪಟ್ಟಿ ಒಂದೇ ಆದ್ದರಿಂದ, ಅದು ಯಾವ ಕೋಣೆಯಲ್ಲಿದೆ ಎಂದು ಹುಡುಕುವುದು ಕೂಡ ಬೆಳಗಿನ ಕೆಲಸಗಳಲ್ಲಿ ಒಂದಾಗಿತ್ತು. ಮೆಟ್ಟಿಲೇರಿ ಬಂದವಳನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಿಸಿ ನೋಡಬೇಕು. 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕನಿಷ್ಠ ನಾಲ್ಕು ಗಂಟೆ ಬಿಟ್ಟು ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಳ್ಳಬೇಕು. 160/110 ಬಂದರೆ ಮಾತ್ರ ಅಷ್ಟು ಹೊತ್ತು ಕಾಯುವ ಮಾತೇ ಇಲ್ಲ, ಹದಿನೈದು ನಿಮಿಷದೊಳಗೆ ಮತ್ತೆ ನೋಡಿ ವೈದ್ಯರನ್ನು ಕರೆಯಬೇಕು.

ಅಂಕಿಗಳಿಗಿಂತ ಮೊದಲು ಬಸುರಿಯ ಮಾತೇ ಸುಳಿವು ಕೊಡುವುದುಂಟು. ಕಾಲು ಊದಿದೆ ಎಂದರೆ ನಾನು ಅಷ್ಟಾಗಿ ಬೆಚ್ಚುತ್ತಿರಲಿಲ್ಲ, ಅದು ಸಾಮಾನ್ಯ. ಹೋಗದ ತಲೆನೋವು, ಕಣ್ಣು ಮಂಜಾಗುವುದು, ಬಲಪಕ್ಕೆಲುಬಿನ ಕೆಳಗಿನ ನೋವು, ಇವುಗಳಲ್ಲಿ ಒಂದನ್ನು ಹೇಳಿದರೂ ಸರದಿ ಬಿಟ್ಟು ಒಳಗೆ ಕರೆಯುತ್ತಿದ್ದೆ. ಎಷ್ಟೋ ಮಂದಿ ಆ ನೋವನ್ನು ಗ್ಯಾಸ್ ಎಂದುಕೊಂಡು ಸಹಿಸುತ್ತಾರೆ. ಮೂತ್ರದಲ್ಲಿ ಅದ್ದಿದ ಪಟ್ಟಿಯ ಹಳದಿ ಚೌಕ ಹಸಿರಿಗೆ ತಿರುಗಿದರೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೆಂದು ತಿಳಿಯುತ್ತದೆ. ಏರಿದ ಒತ್ತಡವೂ ಜೊತೆಗಿದ್ದರೆ ಅದು ನಂಜೇ ಎಂದು ಹಿಡಿದು ನಡೆಯಬೇಕು.

ನಂಜು ತೀವ್ರವಾದವರಿಗೆ ಫಿಟ್ಸ್ ಬಾರದಂತೆ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. ಇದು ಫಿಟ್ಸ್‌ನ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆಂದು 2002ರಲ್ಲಿ ಪ್ರಕಟವಾದ, ಹಲವು ದೇಶಗಳಲ್ಲಿ ನಡೆದ ಅಧ್ಯಯನವೊಂದು ತೋರಿಸಿತು. ಔಷಧ ಅಗ್ಗದ್ದಾದರೂ ಕಾವಲು ಬೇಕು. ಮೊಣಕಾಲಿನ ಕೆಳಗೆ ತಟ್ಟಿದಾಗ ಕಾಲು ಚಿಮ್ಮುತ್ತದೆಯೇ, ಉಸಿರು ನಿಮಿಷಕ್ಕೆ ಎಷ್ಟು, ಮೂತ್ರ ಸಾಕಷ್ಟು ಬರುತ್ತಿದೆಯೇ ಎಂದು ಮತ್ತೆ ಮತ್ತೆ ನೋಡುತ್ತಿರಬೇಕು, ಮತ್ತು ಮೆಗ್ನೀಸಿಯಂ ಮೈಗೆ ಹೆಚ್ಚಾದರೆ ಅದನ್ನು ಇಳಿಸುವ ಕ್ಯಾಲ್ಸಿಯಂ ಗ್ಲುಕೊನೇಟ್ ಕೈಗೆಟಕುವಲ್ಲೇ ಇರಬೇಕು.

ಆಹಾರದ ಬಗ್ಗೆ ಒಂದೇ ಮಾತು: ಉಪ್ಪು ಹಾಕಿ ಒಣಗಿಸಿದ ಮೀನು ಅಲ್ಲಿನ ನಿತ್ಯದ ಊಟದಲ್ಲಿದೆ, ಅದನ್ನು ಬಿಡಿ ಎಂದರೆ ಯಾರೂ ಬಿಡುವುದಿಲ್ಲ. ಚೆನ್ನಾಗಿ ನೆನೆಸಿ, ಕುದಿಸಿ, ನೀರು ಚೆಲ್ಲಿ, ಜೊತೆಗೆ ಹೆಚ್ಚು ಕಲಲೂ ತಿನ್ನಿ ಎಂದರೆ ಕೇಳುತ್ತಾರೆ. ಕಲಲೂ ನಮ್ಮ ಹರಿವೆಯ ಜಾತಿಯದೇ ಸೊಪ್ಪು.

ಪ್ರಶ್ನೆ: ಅಲ್ಲಿ ಸಿಕಲ್ ಸೆಲ್ ಕಾಯಿಲೆ ಹೆಚ್ಚಂತೆ. ಮಗುವಿನ ತಂದೆಯನ್ನೂ ಪರೀಕ್ಷೆಗೆ ಕರೆಯುತ್ತಾರೆಯೇ?

ಉತ್ತರ: ಕರೆಯುತ್ತಾರೆ, ಬರುವವರು ಕಡಿಮೆ. ಸಿಕಲ್ ಸೆಲ್ ಎಂದರೆ ರಕ್ತದ ಕೆಂಪುಕಣಗಳು ಕುಡುಗೋಲಿನಂತೆ ಬಾಗುವ, ತಂದೆತಾಯಿಯರಿಂದ ಬರುವ ಕಾಯಿಲೆ. ಜಮೈಕಾದಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಇದರ ವಾಹಕರು, ಅಂದರೆ ತಮಗೆ ಕಾಯಿಲೆಯಿಲ್ಲದಿದ್ದರೂ ಮಕ್ಕಳಿಗೆ ದಾಟಿಸಬಲ್ಲವರು; ಸುಮಾರು 150 ಕೂಸುಗಳಲ್ಲಿ ಒಂದಕ್ಕೆ ಕಾಯಿಲೆ. ತಾಯಿಯ ರಕ್ತ ಪರೀಕ್ಷೆ ಮೊದಲ ಭೇಟಿಯಲ್ಲೇ ಆಗುತ್ತದೆ. ಆಕೆ ವಾಹಕಳೆಂದು ತಿಳಿದರೆ ತಂದೆಯ ಪರೀಕ್ಷೆ ಆಗಬೇಕು, ಏಕೆಂದರೆ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಕೂಸಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಅಲ್ಲಿ ಬಹುಪಾಲು ಮಕ್ಕಳು ಹುಟ್ಟುವುದು ಮದುವೆಯ ಹೊರಗೆ. ತಂದೆ ಬೇರೆ ಮನೆಯಲ್ಲಿರಬಹುದು, ಬೇರೆ ಊರಿನಲ್ಲಿಯೂ ಇರಬಹುದು. ಬಂದವರೂ ಹೆಂಗಸರೇ ತುಂಬಿದ ಬೆಂಚಿನ ತುದಿಯಲ್ಲಿ ಸಂಕೋಚದಿಂದ ನಿಂತಿರುತ್ತಿದ್ದರು. ಅವರನ್ನು ಮೊದಲು ಒಳಗೆ ಕರೆದು ರಕ್ತ ತೆಗೆದು ಕಳುಹಿಸಿಬಿಡುವುದೇ ವಾಸಿ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಇದರಿಂದ ಸರದಿ ತಪ್ಪಿತೆಂದು ಗೊಣಗಿದ ಹೆಂಗಸರೂ ಇದ್ದರು, ಅವರ ಸಿಟ್ಟು ನ್ಯಾಯವೇ.

ತಂದೆ ಬರಲಿಲ್ಲವೆಂದು ಎಲ್ಲವೂ ಕೈತಪ್ಪುವುದಿಲ್ಲ. ವಿಕ್ಟೋರಿಯಾ ರಾಣಿಯ ಜುಬಿಲಿಯ ಹೆಸರು ಹೊತ್ತ, ಜನ ‘ಜುಬಿಲಿ’ ಎಂದೇ ಕರೆಯುವ ಕಿಂಗ್‌ಸ್ಟನ್ನಿನ ಹೆರಿಗೆ ಆಸ್ಪತ್ರೆಯಲ್ಲಿ 1973ರಿಂದ 1981ರವರೆಗೆ ಡಾ. ಗ್ರಹಾಂ ಸರ್ಜೆಂಟ್ ಅವರ ತಂಡ 1,00,000 ಹೆರಿಗೆಗಳಲ್ಲಿ ಹುಟ್ಟಿದ ಕೂಸುಗಳ ರಕ್ತವನ್ನು ಪರೀಕ್ಷಿಸಿತು. ಕಾಯಿಲೆಯಿದ್ದವರನ್ನು ಹುಟ್ಟಿನಿಂದಲೇ ಗಮನಿಸಿದ್ದರಿಂದ, ಪೆನ್ಸಿಲಿನ್ ಕೊಟ್ಟು ಸೋಂಕು ತಡೆಯುವುದು, ಗುಲ್ಮ (ಸ್ಪ್ಲೀನ್) ಊದಿದೆಯೇ ಎಂದು ಹೊಟ್ಟೆ ಮುಟ್ಟಿ ನೋಡಲು ತಾಯಂದಿರಿಗೆ ಕಲಿಸುವುದು, ಇವುಗಳಿಂದ ಎಳೆಯ ಮಕ್ಕಳು ಉಳಿಯುತ್ತಾರೆಂದು ತಿಳಿಯಿತು. ಹಾಗಾಗಿ ವಾಹಕಳಾದ ತಾಯಿಯ ಡಾಕೆಟ್ಟಿನ ಮೇಲೆ ನಾವು ಕೆಂಪು ಶಾಯಿಯಲ್ಲಿ ಬರೆದಿಡುತ್ತಿದ್ದೆವು. ಹೆರಿಗೆ ಕೋಣೆಯವರು ಅದನ್ನು ನೋಡಿ ಕೂಸಿನ ರಕ್ತವನ್ನು ಪರೀಕ್ಷೆಗೆ ಕಳುಹಿಸುತ್ತಿದ್ದರು.