‘ಲಾಸ್ ಕವರ್ ಮಾಡ್ತೀನಿ ಅಕ್ಕ’

ಹೋದ ಸಂಚಿಕೆಯಲ್ಲಿ ಆನ್‌ಲೈನ್ ಜೂಜಿನ ಬಗ್ಗೆ ಬರೆದಿದ್ದೆವು. ‘ದುರಾಸೆಗೆ ಬಲಿ’ ಎಂದು ತಲೆಬರಹ ಕೊಟ್ಟಿದ್ದೆವು. ಅದನ್ನು ಓದಿ ದಾವಣಗೆರೆ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಕಳಿಸಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ತಮ್ಮನಿಗೆ 34 ವರ್ಷ, ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ. ಎಲೆ-ಅಡಿಕೆಯನ್ನೂ ಮುಟ್ಟದ ಮನುಷ್ಯ, ಫೋನಿನಲ್ಲಿ ರಮ್ಮಿ ಆಡಿ 11 ಲಕ್ಷ ಸಾಲ ಮಾಡಿಕೊಂಡಿದ್ದಾರೆ. ‘ಹಬ್ಬಕ್ಕೆ ಹೊಸ ಅಂಗಿ ಕೊಡಿಸಿದರೆ ಬೇಡ ಅನ್ನುವವನು ಅವನು. ಅವನಿಗೆಲ್ಲಿಯ ದುರಾಸೆ? ಅವನ ತಲೆಯಲ್ಲಿ ಏನಾಯಿತು, ಅದನ್ನು ಹೇಳಿ’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಅಮ್ಮಾ, ಆ ತಲೆಬರಹ ಕೊಟ್ಟವನು ನಾನೇ. ತಪ್ಪಾಯಿತು. ಅಚ್ಚಿಗೆ ಹೋಗುವ ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಪದ ಅದು.

ಪಾರ್ಕಿನ್ಸನ್ ಕಾಯಿಲೆ ಗೊತ್ತಲ್ಲ, ಕೈ ನಡುಗುವ ಕಾಯಿಲೆ. ಅದಕ್ಕೆ ಕೊಡುವ ಪ್ರಮಿಪೆಕ್ಸೋಲ್‌ನಂಥ ಕೆಲವು ಮಾತ್ರೆಗಳು ಮಿದುಳಿನಲ್ಲಿ ಡೋಪಮಿನ್ (ಬೇಕು ಅನ್ನುವ ಹಂಬಲ ಹುಟ್ಟಿಸುವುದರಲ್ಲಿ ಪಾಲಿರುವ ರಾಸಾಯನಿಕ) ಮಾಡುವ ಕೆಲಸವನ್ನು ಮಾಡುತ್ತವೆ. ಆ ಮಾತ್ರೆ ಶುರುವಾದ ಮೇಲೆ, ಹಿಂದೆಂದೂ ಆ ಕಡೆ ತಲೆ ಹಾಕದ ಕೆಲವರು ಜೂಜಿಗೆ ಬಿದ್ದದ್ದುಂಟು. ಡಾಕ್ಟರು ಮಾತ್ರೆ ಕಡಿಮೆ ಮಾಡಿದಾಗ ಎಷ್ಟೋ ಜನರಲ್ಲಿ ಆ ಹುಚ್ಚು ಇಳಿಯಿತು. ದುರಾಸೆ ಹೀಗೆ ಮಾತ್ರೆಯ ಜೊತೆ ಬಂದು ಮಾತ್ರೆಯ ಜೊತೆ ಹೋಗುತ್ತದೆಯೇ? (ಮನೆಯಲ್ಲಿ ಯಾರಾದರೂ ಈ ಮಾತ್ರೆ ನುಂಗುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.)

ನಿಮ್ಮ ಪತ್ರದ ಮೂರನೇ ಪುಟದಲ್ಲಿ ಒಂದು ಸಾಲಿದೆ. ಅಪ್ಪ ತೀರಿಕೊಂಡ ವರ್ಷ ತಮ್ಮನಿಗೆ ರಾತ್ರಿ ನಿದ್ದೆ ಇರಲಿಲ್ಲ, ಸುಮ್ನೆ ಫೋನ್ ಹಿಡಿದು ಕೂರುತ್ತಿದ್ದ ಎಂದು. ಮೊದಲ ವಾರವೇ 18 ಸಾವಿರ ಗೆದ್ದ ಎಂಬುದೂ ಅಲ್ಲೇ ಇದೆ. ನನ್ನ ಕಣ್ಣು ಅಲ್ಲೇ ನಿಂತಿತು. ನಳನ ಕಥೆಯಲ್ಲಿ ಕಲಿಪುರುಷ ನಳನೊಳಗೆ ಹೊಗಲು 12 ವರ್ಷ ಕಾಯುತ್ತಾನೆ. ನಳ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕೂತ ಒಂದು ದಿನ ಸಿಕ್ಕಿತು, ಹೊಕ್ಕ. ಆಮೇಲೆ ಪಗಡೆ, ಆಮೇಲೆ ಕಾಡು.

ಅಲೆಕ್ಸ್ ಬ್ಲಾಸ್ಚಿನ್‌ಸ್ಕಿ ಮತ್ತು ಲಿಯಾ ನೋವರ್ ಎಂಬ ಸಂಶೋಧಕರು 2002ರಲ್ಲಿ ಜೂಜಿನ ಚಟಕ್ಕೆ ಮೂರು ದಾರಿ ಗುರುತಿಸಿದರು. ಕೆಲವರಿಗೆ ಮೊದಲಿನಿಂದ ಏನೂ ತೊಂದರೆ ಇರುವುದಿಲ್ಲ. ಆಡುತ್ತಾ, ಆಗಾಗ ಗೆಲ್ಲುತ್ತಾ ಅಂಟಿಕೊಳ್ಳುತ್ತದೆ. ಕೆಲವರಿಗೆ ಚಿಕ್ಕಂದಿನಿಂದಲೂ ದುಡುಕು ಜಾಸ್ತಿ, ಕಾಯುವ ತಾಳ್ಮೆ ಕಡಿಮೆ. ಕುಡಿತ, ಜಗಳವೂ ಜೊತೆಗಿರುತ್ತವೆ. ಇವೆರಡರ ನಡುವೆ ಇನ್ನೊಂದು ಗುಂಪಿದೆ. ಒಳಗೆ ದುಃಖ, ಆತಂಕ, ಹಳೆಯ ಪೆಟ್ಟು. ಅವರು ಗೆಲ್ಲಲು ಆಡುವುದಕ್ಕಿಂತ ಮರೆಯಲು ಆಡುವುದೇ ಹೆಚ್ಚು. ಆಟ ನಡೆಯುವಷ್ಟು ಹೊತ್ತು ಬೇರೇನೂ ನೆನಪಾಗುವುದಿಲ್ಲ. ನಾನು ಡಾಕ್ಟರಲ್ಲ, ಆದರೂ ನಿಮ್ಮ ತಮ್ಮ ಈ ಗುಂಪಿನವರು ಅನ್ನಿಸುತ್ತದೆ. ಓಸಿ (ಮಟ್ಕಾ ಜೂಜು) ಬರೆಸುತ್ತಿದ್ದ ಚಿಕ್ಕಪ್ಪನ ವಿಷಯ ಬರೆದಿದ್ದೀರಿ. ಅದನ್ನೂ ಡಾಕ್ಟರಿಗೆ ಹೇಳಿ. ಅವಳಿ ಮಕ್ಕಳ ಅಧ್ಯಯನಗಳಲ್ಲಿ ಈ ಚಟಕ್ಕೆ ವಂಶದ ಪಾಲೂ ಕಂಡಿದೆ.

‘ಲೆಕ್ಕದಲ್ಲಿ ಅಷ್ಟು ಜಾಣ, ಇಷ್ಟೂ ತಿಳಿಯಲಿಲ್ಲವೇ’ ಎಂದೂ ಕೇಳಿದ್ದೀರಿ. ಆ ಜಾಣತನವೇ ಇಲ್ಲಿ ಕೈ ಕೊಡುತ್ತದೆ. 1975ರಲ್ಲಿ ಎಲೆನ್ ಲ್ಯಾಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಒಂದು ಡಾಲರಿನ ಲಾಟರಿ ಟಿಕೆಟ್ ಇಟ್ಟುಕೊಂಡು ಒಂದು ಪರೀಕ್ಷೆ ಮಾಡಿದರು. ಅರ್ಧ ಜನ ತಾವೇ ಆರಿಸಿಕೊಂಡರು. ಉಳಿದವರು ಕೊಟ್ಟದ್ದನ್ನು ತೆಗೆದುಕೊಂಡರು. ಆಮೇಲೆ ‘ಎಷ್ಟಕ್ಕೆ ವಾಪಸ್ ಕೊಡ್ತೀರಿ’ ಎಂದು ಕೇಳಿಸಿದಾಗ, ಕೊಟ್ಟದ್ದನ್ನು ತೆಗೆದುಕೊಂಡವರು ಹೇಳಿದ್ದು ಸರಾಸರಿ ಎರಡು ಡಾಲರಿಗಿಂತ ಕಡಿಮೆ. ಆರಿಸಿಕೊಂಡವರು ಎಂಟಕ್ಕಿಂತ ಜಾಸ್ತಿ ಹೇಳಿದರು! ಬರೀ ಕಾಗದದ ಚೂರು, ಆದರೆ ‘ನಾನು ಆರಿಸಿದ್ದು’. ರಮ್ಮಿಯಲ್ಲಂತೂ ನಿಜವಾಗಿಯೂ ಬುದ್ಧಿ ಓಡಿಸಬೇಕು. ಅದು ಕೌಶಲದ ಆಟ ಎಂದು ಸುಪ್ರೀಂ ಕೋರ್ಟೇ ಹಿಂದೆ ಹೇಳಿದ್ದುಂಟು. ಹಾಗಾಗಿ ಸೋತವನಿಗೆ ಆಟದ ಮೇಲೆ ಅನುಮಾನ ಬರುವುದಿಲ್ಲ. ಮುಂದಿನ ಸಲ ಇನ್ನೂ ಹುಷಾರಾಗಿ ಆಡಬೇಕು ಅಂದುಕೊಳ್ಳುತ್ತಾನೆ.

ಇನ್ನು ಸೋತಾಗ ನಿಮ್ಮ ತಮ್ಮ ಹೇಳುವ ಆ ‘ಒಂದೇ ಎಲೆ ಬೇಕಿತ್ತು’ ಅನ್ನುವ ಮಾತು. ಕೂದಲೆಳೆಯಲ್ಲಿ ತಪ್ಪಿದ ಸೋಲು ಮನಸ್ಸಿಗೆ ಕಹಿ, ಆದರೆ ಮಿದುಳಿನಲ್ಲಿ ಗೆಲುವಿಗೆ ಮಿಡಿಯುವ ಜಾಗಗಳೇ ಅದಕ್ಕೂ ಮಿಡಿಯುತ್ತವೆ. ಮತ್ತೆ ಆಡಬೇಕು ಅನ್ನಿಸುತ್ತದೆ. 2009ರಲ್ಲಿ ಕೇಂಬ್ರಿಜ್‌ನ ಲ್ಯೂಕ್ ಕ್ಲಾರ್ಕ್ ತಂಡ ಇದನ್ನು ಸ್ಕ್ಯಾನ್ ಮಾಡಿ ನೋಡಿತು. ಅಲ್ಲಿಂದ ‘ಲಾಸ್ ಕವರ್ ಮಾಡ್ತೀನಿ ಅಕ್ಕ’ ಅನ್ನುವವರೆಗೆ ಒಂದೇ ಹೆಜ್ಜೆ.

2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂತು, ದುಡ್ಡಿನ ಆಟದ ಆ್ಯಪ್‌ಗಳು ಬಂದ್ ಆದವು. ‘ಈಗ ರಮ್ಮಿ ಬಿಟ್ಟು ಶೇರು ಮಾರುಕಟ್ಟೆಯಲ್ಲಿ ಆಪ್ಷನ್ ಮಾಡುತ್ತಾನೆ, ಅದು ಬಿಸಿನೆಸ್ ಅಲ್ವಾ’ ಎಂದು ಸಮಾಧಾನದಿಂದ ಬರೆದಿದ್ದೀರಿ. ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಈ ಸಾಲಿಗೇ. ಫ್ಯೂಚರ್ಸ್, ಆಪ್ಷನ್ಸ್ ಅಂದರೆ ಶೇರಿನ ಬೆಲೆ ಮುಂದೆ ಏರುತ್ತದೋ ಇಳಿಯುತ್ತದೋ ಎಂದು ಊಹಿಸಿ ದುಡ್ಡು ಹೂಡುವ ವ್ಯವಹಾರ. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ ಎಂದು ಶೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯೇ ಲೆಕ್ಕ ಕೊಟ್ಟಿದೆ. ಆಪ್ಷನ್ ಮುಟ್ಟಿದವರೆಲ್ಲ ಚಟಕ್ಕೆ ಬಿದ್ದವರು ಅಂತ ಅಲ್ಲ. ಆದರೆ ಬಾಗಿಲು ಹಾಕಿದ ಕೂಡಲೇ ಕಿಟಕಿ ಹುಡುಕುವವರನ್ನು ಸ್ವಲ್ಪ ಗಮನಿಸಬೇಕು. ಒಳಗಿನ ದುಃಖ ಹಾಗೇ ಇದೆಯಲ್ಲ.

ಸಾಲದ ವಿಷಯ. ಸೈಟು ಮಾರಿ ಒಂದೇ ಸಲ ತೀರಿಸಿಬಿಡಲೇ ಎಂದಿದ್ದೀರಿ. ಈಗಲೇ ಬೇಡ. ಸೋಲು ಮುಚ್ಚಲು ಬೇರೆಯವರ ದುಡ್ಡಿಗೆ ಕೈಚಾಚುವುದನ್ನು ಡಾಕ್ಟರರು ಈ ಕಾಯಿಲೆಯ ಲಕ್ಷಣಗಳಲ್ಲೇ ಸೇರಿಸಿದ್ದಾರೆ. ಚಿಕಿತ್ಸೆ ಶುರುವಾಗಲಿ, ಯುಪಿಐ, ಬ್ಯಾಂಕು ನಿಮ್ಮ ಕೈಗೆ ಬರಲಿ. ಆಮೇಲೆ ಸಾಲ ಕೊಟ್ಟ ಒಬ್ಬೊಬ್ಬರಿಗೂ ನೀವೇ ಕೊಡಿ, ತಮ್ಮನ ಕೈಗೆ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನಿನ ಗೀಳಿಗಾಗಿಯೇ 2014ರಿಂದ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಈಗಲೇ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ‘ನಾನಿಲ್ಲದಿದ್ದರೆ ನಿಮಗೆಲ್ಲ ಒಳ್ಳೇದು’ ಅನ್ನುವಂಥ ಮಾತು ತಮ್ಮನ ಬಾಯಲ್ಲಿ ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ರಾತ್ರಿಯಾದರೂ ಆ ನಂಬರ್ ಎತ್ತುತ್ತಾರೆ. ಒಬ್ಬರನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೊನೆಗೆ, ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ ಆಣೆ ಹಾಕಿಸಲೇ ಎಂದು ಕೇಳಿದ್ದೀರಿ. ಹೋಗಿ ಬನ್ನಿ. ಆಣೆ ಮಾತ್ರ ಹಾಕಿಸಬೇಡಿ. ಈ ಚಟ ಬಿಡುವಾಗ ಒಂದೆರಡು ಸಲ ಜಾರುವುದುಂಟು. ಆಣೆ ಹಾಕಿದವರು ಜಾರಿದರೆ ಯಾರಿಗೂ ಹೇಳಲಾರರು, ಮತ್ತೆ ರಾತ್ರಿ ಒಬ್ಬರೇ ಫೋನ್ ಹಿಡಿದು ಕೂರುತ್ತಾರೆ. ಅದರ ಬದಲು ಬಸ್ಸಿನಲ್ಲಿ ಪಕ್ಕದಲ್ಲಿ ಕೂತಾಗ ಅಪ್ಪ ತೀರಿಕೊಂಡ ಆ ವರ್ಷದ ಬಗ್ಗೆ ಕೇಳಿ. ದುಡ್ಡಿನ ಮಾತು ಎತ್ತಬೇಡಿ. ದಾರಿ ಉದ್ದ ಇದೆ, ನಿಧಾನಕ್ಕೆ ಹೇಳಲಿ.

— ಸಂ.