ವಿಟ್ಕಾಫ್‌ಗೆ ಸೆನೆಟ್ ಒಪ್ಪಿಗೆ ಬೇಡವೇ?

ನ್ಯೂಯಾರ್ಕಿನ ಬಿಲ್ಡರ್, ಅಧ್ಯಕ್ಷ ಟ್ರಂಪ್ ಅವರ ವಿಶೇಷ ದೂತ ಸ್ಟೀವ್ ವಿಟ್ಕಾಫ್ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಒಪ್ಪಿಗೆಯಿಲ್ಲದೆ ಸಂಧಾನ ನಡೆಸುವುದು ಹೇಗೆ ಎಂದು ಕೇಳಿದ್ದೀರಿ. ಒಪ್ಪಿಗೆ ಕಡ್ಡಾಯವಿರುವುದು ಒಂದು ದೇಶಕ್ಕೆ ನೇಮಕವಾಗುವ ರಾಯಭಾರಿಗೆ. ಅದು ಅಮೆರಿಕ ಸಂವಿಧಾನದ 2ನೇ ವಿಧಿ. ವಿಶೇಷ ದೂತರನ್ನು ಅಧ್ಯಕ್ಷರು ತಾವೇ ಕಳಿಸುವುದು ಹಳೆಯ ರೂಢಿ. 2021ರ ಕಾನೂನು ಕಡಿವಾಣ ಹಾಕಿದರೂ ತಾತ್ಕಾಲಿಕ ನೇಮಕಕ್ಕೆ ಕಂಡಿ ಉಳಿದಿದೆ.

ವಿಟ್ಕಾಫ್ ಅವರ ನಿಜವಾದ ಬಂಡವಾಳ ಟ್ರಂಪ್ ಜೊತೆ 1980ರ ದಶಕದಿಂದ ಬಂದ ಸ್ನೇಹ. ಎದುರಿನವರು ಇವರ ಮಾತನ್ನು ಅಧ್ಯಕ್ಷರ ಮಾತೆಂದೇ ತೂಗುತ್ತಾರೆ. 2025ರ ಜನವರಿಯ ಗಾಜಾ ಕದನವಿರಾಮದ ಮಾತುಕತೆಗೆ, ಟ್ರಂಪ್ ಅಧಿಕಾರಕ್ಕೆ ಬರುವ ಮೊದಲೇ, ಬೈಡನ್ ತಂಡದೊಂದಿಗೆ ಕೈಜೋಡಿಸಿದ್ದರು.

ಅವರು ಎಡವುವುದು ಮಾತುಕತೆ ನಡೆಸುವ ಕ್ರಮದಲ್ಲಿ. ಪುಟಿನ್ ಭೇಟಿಗಳಲ್ಲಿ ಕ್ರೆಮ್ಲಿನ್ನಿನ ದುಭಾಷಿಯನ್ನೇ ನೆಚ್ಚಿದರೆಂದು ವರದಿಯಾಗಿತ್ತು. ತಮ್ಮದೇ ದುಭಾಷಿ, ಟಿಪ್ಪಣಿ ಬರೆಯುವವರು ಇಲ್ಲದಿದ್ದರೆ ಯಾರು ಯಾವುದಕ್ಕೆ ಒಪ್ಪಿದರೆಂಬ ತಕರಾರು ಆಮೇಲೆ ಬಗೆಹರಿಯದು.